ಅಕ್ಕನ ಕಂಪ್ಯೂಟರಿನಲ್ಲಿ ಬಾಣ ಓಡಿದ ದಿನ

ಇವತ್ತು ಹೊಸಪೇಟೆಯ ರಿಪೇರಿ ಅಂಗಡಿಯಲ್ಲಿ ಯಾರೋ ಹಳೆಯ ಡಬ್ಬಿ ಮಾನಿಟರ್ ಆನ್ ಮಾಡಿದರು. ಧೂಳು ಬಿಸಿಯಾದ ಆ ವಾಸನೆಗೆ ದೋಣಿಮಲೈ ಗಣಿಯ ನಮ್ಮ ಕ್ವಾರ್ಟರ್ಸ್ ಮನೆ ನೆನಪಾಯಿತು.

ಆಗ ಅಕ್ಕ ಕಾಲೇಜಿಗೆ ಹೋಗುವ ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಕಾಲು ಕೂಡಿದರೂ ಅವಳನ್ನು ಮತ್ತೆ ಕಾಲೇಜಿಗೆ ಕಳಿಸಲು ಅಪ್ಪನಿಗೆ ಭಯ. ಮನೆಯಲ್ಲೇ ಏನಾದರೂ ಕಲಿಯಲಿ ಎಂದು ಪರಿಚಯದವರ ಹಳೆಯ ಕಂಪ್ಯೂಟರ್ ತಂದುಕೊಟ್ಟರು. ಅಕ್ಕ ಸಿಡಿ ಹಾಕಿ ಹೊಸ ಆಪರೇಟಿಂಗ್ ಸಿಸ್ಟಮ್ ಏರಿಸಲು ಕೂತಳು. ಅರ್ಧಕ್ಕೇ ಮೌಸ್ ನಿಂತಿತು. ಎಷ್ಟು ಉಜ್ಜಿದರೂ ಪರದೆಯ ಮೇಲಿನ ಬಾಣ ಕದಲಲಿಲ್ಲ.

"ಬಿಡವ್ವ, ವಾಪಸ್ ಕೊಟ್ಟು ಬರ್ತೀನಿ," ಅಂದರು ಅಪ್ಪ.

"ಬ್ಯಾಡಪ್ಪ, ಕೀಬೋರ್ಡ್ ನಡಿತೈತಲ್ಲ!"

ಅಕ್ಕ ಟ್ಯಾಬ್ ಕೀ ಒತ್ತುತ್ತಾ ಮೌಸಿನ ಬಗೆ ಆರಿಸುವ ಪಟ್ಟಿಗೆ ಹೋದಳು. ಮೌಸಿನ ಪಿನ್ನು ದುಂಡಗಿದೆಯಾ ನೋಡು ಎಂದು ಅಮ್ಮನನ್ನು ಕರೆದಳು. ರೊಟ್ಟಿ ತಟ್ಟುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ಕಂಪ್ಯೂಟರಿನ ಹಿಂದೆ ಬಗ್ಗಿದಳು. "ಇದರ ಪಿನ್ನು ದುಂಡಗಿಲ್ಲಲೇ, ಅಗಲ ಐತಿ."

"ಹಂಗಾರ ಇದು ಹಳೇ ಕಾಲದ ಸೀರಿಯಲ್ ಮೌಸ್!" ಅಕ್ಕ ಅದನ್ನೇ ಆರಿಸಿದಳು. ಮುಂದೆ ಪರದೆಯ ತುಂಬ ಬರೀ ಗೆರೆ. ಹಳೆಯ ಮಾನಿಟರ್ ಚಿತ್ರದ ದೊಡ್ಡ ಅಳತೆ ತಾಳದು ಎಂದುಕೊಂಡು, ಮೊದಲಿನಿಂದ ಶುರುಮಾಡಿ ಚಿಕ್ಕ ಅಳತೆ ಕೊಟ್ಟಳು. ನೀಲಿ ಪರದೆ ಮೂಡಿತು. ಬಾಣ ಅವಳ ಕೈ ಹೋದಲ್ಲೆಲ್ಲ ಓಡಿತು.

ಅಪ್ಪ ತಾವೂ ಮೌಸ್ ಹಿಡಿದು ಬಾಣ ಓಡಿಸಿದರು. ಆಮೇಲೆ ಹೇಳಿದರು: "ನೀ ಬಿಡಾಕಿ ಅಲ್ಲ. ಜೂನ್‌ದಾಗ ಕಾಲೇಜ್ ಸೇರವ್ವ. ಬಸ್ಸು ನಾನ ಹತ್ತಿಸ್ತೀನಿ."

ಅಕ್ಕ ಈಗ ಕಂಪ್ಲಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಅಂಗಡಿಯಿಂದಲೇ ಅವಳಿಗೆ ಫೋನ್ ಮಾಡಿದೆ. "ಕ್ಲಾಸ್‌ನಾಗ ಅದೀನಿ, ಆಮ್ಯಾಲ ಮಾಡ್ತೀನಿ, ಫೋನ್ ಇಡು," ಅಂದಳು.