ಪರದೆಯ ಹಾವಿಗೆ ಹೆದರಿ ಓಡಿದೆ

ಗಂಗಾವತಿಯ ಚಿತ್ರಮಂದಿರದ ಪರದೆಯಲ್ಲಿ ಹೆಬ್ಬಾವು ಬಾಯಿ ತೆರೆದದ್ದೇ ತಡ, ನಾನು ಎಂಟು ವರ್ಷದ ಮೊಮ್ಮಗಳ ಕೈ ಕೊಡವಿ ಬಾಗಿಲಿಗೆ ಓಡಿದೆ.

ಮಧ್ಯಂತರದಲ್ಲಿ ಹಿಂದಿನ ಸೀಟಿನ ಹುಡುಗರು ಜಗಳಾಡಿದ್ದರು. “ಹಳೇ ಸಿನಿಮಾಕ್ಕಿಂತ ಮೊದಲಿನ ಕಥಿ ಅಂತ ಮೂರು ಭಾಗ ಎಳದಾರಲೇ, ನೋಡಾಕೂ ಟಿವಿ ಧಾರಾವಾಹಿಯಂಗ ಐತಿ!”

“ಎಳೀಲಿ ಬಿಡಲೇ, ಎಲ್ಲಾ ಖರೇನ ಇದ್ದಂಗ ಕಾಣ್ತೈತಲ್ಲ!”

ಟಾಕೀಸಿನಲ್ಲಿ ಮೂವತ್ತು ವರ್ಷ ಪ್ರೊಜೆಕ್ಟರ್ ಓಡಿಸಿದ ನಾನು ನಕ್ಕಿದ್ದೆ. ಆದರೆ ನನ್ನ ಕಣ್ಣಿಗೆ ಸಿನಿಮಾ ಎಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳ ಮಿಣುಕು. ಈ ಸಿನಿಮಾದಲ್ಲಿ ಸೆಕೆಂಡಿಗೆ ಅದರ ಎರಡರಷ್ಟು ಚಿತ್ರಗಳು. ಮಿಣುಕೇ ಇಲ್ಲದ ಹಾವು ನಿಜದ್ದೇ ಎಂಬಂತೆ ಮೈಮೇಲೆ ಬಂತು.

ಹೊರಗೆ ನಾನು ನಿಂತಲ್ಲಿಗೆ ಮೊಮ್ಮಗಳು ಅಳುತ್ತ ಬಂದಳು. “ಅಜ್ಜಾ, ನನ್ನ ಬಿಟ್ಟು ಯಾಕ ಓಡಿದಿ?” ಕಣ್ಣು ಉರಿದು ಹೊರಗೆ ಬಂದೆನೆಂದು ಮನೆಯವರಿಗೆ ಸುಳ್ಳು ಹೇಳಿದೆ.

ಈಗ ರಸ್ತೆ ದಾಟುವಾಗ ಕೈ ಚಾಚುತ್ತೇನೆ. ಅವಳು ಮೊದಲು ನನ್ನ ಮುಖ ನೋಡುತ್ತಾಳೆ.