ಇಡ್ಲಿ ಪಾತ್ರೆಗೆ ಹಿಡಿದ ಕೊಡೆ

ನಾನು ಚಿಕ್ಕವಳಿದ್ದಾಗ, ಪುತ್ತೂರು ಪೇಟೆಯ ಹೊಸ ಕಟ್ಟಡದ ತಾರಸಿ ನಮ್ಮ ಮಂಡೆಯ ಮೇಲೆ ಬೀಳಬಹುದಿತ್ತು. ಗೋಡೆ ಬಿರುಕು ಬಿಡಬಹುದಿತ್ತು. ಮೊದಲ ಮಳೆಗೇ ಸಿಮೆಂಟು ಬೆಲ್ಲದ ಹಾಗೆ ಕರಗಿ ಚರಂಡಿ ಸೇರಬಹುದಿತ್ತು. ಸುಳ್ಯದ ಬಸ್ಸು ತಿರುವಿನಲ್ಲಿ ತಿರುಗದೆ ಸೀದಾ ಒಳಗೇ ಬರಬಹುದಿತ್ತು. ಕೆಡವಿದ ಹಳೆಯ ಹೆಂಚಿನ ಮಾಡಿನ ಹಾವುಗಳು ತಮ್ಮ ಮನೆ ಹುಡುಕಿಕೊಂಡು ವಾಪಸು ಬರಬಹುದಿತ್ತು. ಏಳು ವರ್ಷಕ್ಕೇ ನನಗೆ ಇಷ್ಟೆಲ್ಲ ಚಿಂತೆ. ನೀವು ಮೆಟ್ಟಿಲು ಇಳಿಯುವಾಗ ನಾನು ಹಿಂದಿನಿಂದ ಕೂಗುತ್ತೇನಲ್ಲ, ಅದು ಅಜ್ಜಿಯಾದ ಮೇಲೆ ಬಂದ ರೋಗವಲ್ಲ.

ಆ ಜಾಗದಲ್ಲಿ ಮೊದಲು ಹೆಂಚಿನ ಮಾಡಿನ ಅಂಗಡಿಸಾಲು ಇತ್ತು. ಕೆಂಪುಕಲ್ಲಿನ ಗೋಡೆ, ಮುಂದೆ ತಂಪಾದ ಉದ್ದ ಜಗಲಿ. ಕಡಬದಿಂದ, ರಾಮಕುಂಜದಿಂದ ಪೇಟೆಗೆ ಬಂದವರು ಬುಟ್ಟಿ ಇಳಿಸಿ, ಬೆವರು ಒರೆಸಿ, ಬಸ್ಸು ಕಾಯುತ್ತಿದ್ದದ್ದು ಅಲ್ಲಿಯೇ. ಮೂಲೆಯಲ್ಲಿ ಅಪ್ಪನ ಹೋಟೆಲು. ಅಷ್ಟರಲ್ಲಿ ಪೇಟೆಯನ್ನು ಸುಧಾರಿಸಬೇಕೆಂಬ ಹುಚ್ಚು ಎಲ್ಲರಿಗೂ ಒಮ್ಮೆಲೇ ಹಿಡಿಯಿತು. ರಸ್ತೆ ಅಗಲವಾಯಿತು, ಜಗಲಿ ಹೋಯಿತು. ಉಳಿದದ್ದನ್ನು ಜಾಗದ ಧಣಿಗಳೇ ಕೆಡವಿ ತಾರಸಿ ಕಟ್ಟಡಕ್ಕೆ ಕೈ ಹಾಕಿದರು. ಅಪ್ಪ ಒಂದು ವರ್ಷ ರಸ್ತೆಯ ಆಚೆ ಬದಿಯಲ್ಲಿ ತೆಂಗಿನ ಮಡಲಿನ ಚಪ್ಪರ ಕಟ್ಟಿ ಚಹಾ ಕಾಸಿದರು.

ನಾನು ಶಾಲೆಗೆ ಹೋಗುವಾಗ ಆ ಕಟ್ಟಡದ ಮುಂದೆ ಮೂಗು ಮುಚ್ಚುತ್ತಿದ್ದೆ. ಕೊಳೆತ ಹಲಗೆ, ಹಸಿ ಸಿಮೆಂಟು, ಮೂಲೆಯಲ್ಲಿ ಗಂಡಸರು ಮಾಡಿಟ್ಟ ಗಲೀಜು. ತಾರಸಿ ಗಟ್ಟಿಯಾಗಲೆಂದು ಮೇಲೆ ನಿಲ್ಲಿಸಿದ್ದ ನೀರು ಗೋಡೆಯುದ್ದಕ್ಕೂ ಹಸಿರು ಸಿಂಬಳದಂತೆ ಇಳಿಯುತ್ತಿತ್ತು. ದೊಡ್ಡವರು ಅದರ ಕೆಳಗೇ ನಿಂತು ಕತ್ತೆತ್ತಿ, "ಮಂಗಳೂರಿನ ಹಾಗೇ ಉಂಟು" ಎಂದು ಹೊಗಳುತ್ತಿದ್ದರು.

ಆ ಕಟ್ಟಡದ ರಸ್ತೆ ಬದಿಯ ಕೋಣೆ ಅಪ್ಪನ ಹೋಟೆಲಿಗೆ ಎಂದು ಧಣಿಗಳು ಮಾತು ಕೊಟ್ಟಿದ್ದರು. ಆದರೆ ಬಟ್ಟೆ ವ್ಯಾಪಾರಿಯೊಬ್ಬರಿಗೂ ಅದರ ಮೇಲೆ ಕಣ್ಣಿತ್ತು. "ಹೋಟೆಲು ಚೊಕ್ಕ ಇದ್ದರೆ ಕೋಣೆ ನಿಮಗೇ. ಗಲೀಜು ಕಂಡ್ರೆ ಬಟ್ಟೆ ಅಂಗಡಿಗೆ" ಎಂದಿದ್ದರು ಧಣಿಗಳು. ಚಪ್ಪರವನ್ನು ಮಳೆಗಾಲದೊಳಗೆ ಕೀಳಲೇಬೇಕಿತ್ತು. ಅಪ್ಪನಿಗೆ ಬೇರೆ ಜಾಗವಿರಲಿಲ್ಲ.

ಹೊಸ ಕೋಣೆಯಲ್ಲಿ ಒಲೆ ಹೊತ್ತಿಸಿದ ಮೊದಲ ದಿನ ಒಳಗೆಲ್ಲ ಜನ. ಕೊಯಿಲ ಊರಿನ ಅಜ್ಜರೊಬ್ಬರು ನುಣುಪಾದ ಕೆಂಪು ನೆಲ ಕಂಡು ಹೆದರಿ, ಹೊರಗೆ ಹೋಗಿ ಕಾಲು ತೊಳೆದು ಬಂದರು. ನಾನು ಬಾಗಿಲ ಬಳಿಯೇ ಕುಳಿತಿದ್ದೆ, ತಾರಸಿ ಬಿದ್ದರೆ ಓಡಲು ಸುಲಭವೆಂದು.

ಹಳೆಯ ಅಡುಗೆಮನೆಯಲ್ಲಿ ಸೌದೆಯ ಹೊಗೆ ಹೆಂಚುಗಳ ಸಂದಿನಿಂದ ತಾನಾಗಿ ಹೋಗುತ್ತಿತ್ತು. ಅದು ಹಾಗೆ ಹೋಗುತ್ತಿದೆ ಎಂದು ಯಾರೂ ಗಮನಿಸಿಯೇ ಇರಲಿಲ್ಲ. ಇಲ್ಲಿ ಅದು ಮೇಲೆ ಹೋಗಿ, ತಾರಸಿಗೆ ತಾಗಿ, ಮೆಲ್ಲನೆ ವಾಪಸು ಬಂತು. ಕಣ್ಣು ಉರಿಯತೊಡಗಿತು. ಇಡ್ಲಿಯ ಹಬೆ ತಣ್ಣನೆಯ ಸಿಮೆಂಟಿಗೆ ಬಡಿದು ನೀರಾಗಿ, ಮಸಿ ಸೇರಿಸಿಕೊಂಡು, ಅಂಟಂಟಾದ ಕಪ್ಪು ಹನಿಯಾಗಿ ತೊಟ್ಟಿಕ್ಕಿತು. ಚಟ್ನಿಗೆ ಒಂದು. ಅಜ್ಜರ ಬೋಳುಮಂಡೆಗೆ ಒಂದು. ನನ್ನ ಬಾಯಿಯ ಇಡ್ಲಿ ಸುಟ್ಟ ಕೂದಲಿನಂತೆ ನಾರಿತು. ನಾನು ಹೊಸ ನೆಲದ ಮೇಲೆಯೇ ಉಗಿದೆ.

"ಎಂತ ಮಾರಾಯ್ರೆ, ನಾನು ಕೇಳಿದ್ದು ಚಹಾ. ಇದು ಡಾಮರಾ?" ಎಂದರು ಸುಳ್ಯ ಬಸ್ಸಿನ ಡ್ರೈವರು, ಲೋಟದೊಳಗೆ ಇಣುಕಿ.

ನನ್ನ ಅಕ್ಕ ಮೂಲೆಯ ಕೊಡೆ ತಂದು, ಬಿಡಿಸಿ, ಇಡ್ಲಿ ಪಾತ್ರೆಗೆ ಹಿಡಿದು ನಿಂತಳು. ಸರಿಯಾಗಿ ಆಗಲೇ ಧಣಿಗಳು ಬಂದರು. ಬಿಳಿ ಅಂಗಿಯ ಹೆಗಲಿಗೆ ತೊಟ್ಟೆಂದು ಒಂದು ಹನಿ ಬಿತ್ತು.

"ತಾರಸಿ ಸೋರುದಿಲ್ಲ ಅಂತ ಹೇಳಿದ್ದಲ್ವಾ ನೀವು?" ಎಂದರು ಡ್ರೈವರು.

ಅಪ್ಪ ಕೈಮುಗಿದು ಕೇಳಿದರು, "ಒಂದು ತೆಂಗಿನಕಾಯಿಯಷ್ಟು ತೂತು ಸಾಕು ಧಣಿಗಳೇ, ಹೊಗೆ ಹೋಗ್ಲಿಕ್ಕೆ."

"ಮಂಡೆ ಸಮ ಉಂಟಾ ನಿಮಗೆ? ಇಡೀ ಊರೇ ನೋಡ್ಲಿಕ್ಕೆ ಬರುದು ಈ ತಾರಸಿಯನ್ನು. ಅದಕ್ಕೆ ತೂತು ಹೊಡಿಯುದಾ?"

ಅಪ್ಪ ಒಮ್ಮೆ ತಾರಸಿಯನ್ನು ನೋಡಿದರು. ಆಮೇಲೆ ಬಟ್ಟೆ ಹಿಡಿದು ಇಡ್ಲಿ ಪಾತ್ರೆ ಎತ್ತಿಕೊಂಡು, ರಸ್ತೆ ದಾಟಿ ಚಪ್ಪರಕ್ಕೆ ನಡೆದರು. ಚುರುಗುಟ್ಟುವ ಬಿಸಿಲಿನಲ್ಲಿ ಅಕ್ಕ ಪಾತ್ರೆಗೆ ಕೊಡೆ ಹಿಡಿದುಕೊಂಡೇ ಹೋದಳು, ಮಡಚಲು ನೆನಪಾಗಲಿಲ್ಲ. ಹಿಂದೆ ಲೋಟ ಹಿಡಿದು ಡ್ರೈವರು, ಅವರ ಹಿಂದೆ ಅಜ್ಜರು, ಉಳಿದವರು.

ಕೋಣೆಗೆ ಬಟ್ಟೆ ಅಂಗಡಿ ಬಂತು. ಅಪ್ಪ ಮಳೆಗೆ ಮೊದಲು ಕಬಕದ ದಾರಿಯಲ್ಲಿ ಒಂದು ಹಳೆಯ ಹೆಂಚಿನ ಮನೆ ಹಿಡಿದರು, ಜಗಲಿ ಇದ್ದದ್ದು. ಊರೇ ನೋಡಲು ಬರುತ್ತಿದ್ದ ಆ ಕಟ್ಟಡವನ್ನೂ ಈಗ ಕೆಡವಿ, ಅದಕ್ಕಿಂತ ವಿಕಾರವಾದ ಇನ್ನೊಂದನ್ನು ಕಟ್ಟಿದ್ದಾರೆ. ನಿಮ್ಮ ಅಡುಗೆಮನೆಯಲ್ಲಿ ಗುಂಡಿ ಒತ್ತಿದರೆ ಚಿಮಣಿ ಹೊಗೆಯನ್ನು ನುಂಗುತ್ತದೆ. ಸೋರುವ ತಾರಸಿಗಳಿಗೆಲ್ಲ ತಗಡಿನ ಟೋಪಿ ಬಂದಿದೆ. ಜಗಲಿ ಮಾತ್ರ ಯಾರೂ ಕಟ್ಟುವುದಿಲ್ಲ. ನೀವು ಶಾಲೆಯ ಬಸ್ಸಿಗೆ ಚರಂಡಿ ಪಕ್ಕದ ಬಿಸಿಲಿನಲ್ಲಿ ನಿಂತೇ ಕಾಯುತ್ತೀರಿ, ನಾನು ಕಿಟಕಿಯಿಂದ ಏನೇನೋ ಆದೀತೆಂದು ಎಣಿಸುತ್ತಾ ನೋಡುತ್ತೇನೆ.

ಅಂದು ತಾರಸಿ ಬೀಳಲಿಲ್ಲ. ಗೋಡೆ ಬಿರುಕು ಬಿಡಲಿಲ್ಲ. ಬಸ್ಸು ಒಳಗೆ ಬರಲಿಲ್ಲ, ಹಾವೂ ಬರಲಿಲ್ಲ. ಹೊಗೆ ಹೊರಗೆ ಹೋಗಲಿಲ್ಲ, ಅಷ್ಟೇ.