ಮಾರ್ತಾಂಡನ ಮಂಚದ ಇರುವೆಗಳು

ಮಾರ್ತಾಂಡ ಕೆಲಸ ಮಾಡುವ ಕೋಣೆಯಲ್ಲಿ ವರ್ಷವಿಡೀ ಇಪ್ಪತ್ತು ಡಿಗ್ರಿ. ಪಿಂಪರಿಯ ಒಂದು ಕಾರ್ಖಾನೆಯ ಅಳತೆ ವಿಭಾಗ ಅದು. ಉಕ್ಕು ಕಾದರೆ ಹಿಗ್ಗುತ್ತದೆ, ತಣಿದರೆ ಕುಗ್ಗುತ್ತದೆ. ಹಾಗಾಗಿ ಅಲ್ಲಿ ಅಳತೆಗೆ ಆಧಾರವಾಗಿಟ್ಟ ಉಕ್ಕಿನ ತುಂಡುಗಳಿಗೆ ಬೇಸಿಗೆಯೂ ಗೊತ್ತಿಲ್ಲ, ಚಳಿಗಾಲವೂ ಗೊತ್ತಿಲ್ಲ. ಮಖಮಲ್ಲು ಹಾಸಿದ ಪೆಟ್ಟಿಗೆಯಲ್ಲಿ ಹಾಯಾಗಿ ಮಲಗಿರುತ್ತವೆ. ಅವುಗಳನ್ನು ಕಾಯುವ ಮಾರ್ತಾಂಡ ಮಾತ್ರ ಡಿಸೆಂಬರಿನ ನಸುಕಿನಲ್ಲಿ ಕಿವಿಟೊಪ್ಪಿಗೆ, ಮಫ್ಲರು, ಸ್ವೆಟರು ಏರಿಸಿಕೊಂಡು ಕಂಪನಿ ಬಸ್ಸಿಗಾಗಿ ನಡುಗುತ್ತ ನಿಲ್ಲಬೇಕು. ಮಧ್ಯಾಹ್ನ ಅದೇ ಸ್ವೆಟರನ್ನು ತೋಳಿನ ಮೇಲೆ ಹೊತ್ತು, ಬೆವರು ಒರೆಸಿಕೊಳ್ಳುತ್ತ ಇಳಿಯಬೇಕು.

"ಒಂದೇ ದಿನದಾಗ ಎರಡು ಋತು. ಇದಕ್ಕ ಭಾಳ ಚೊಲೋ ಹವಾ ಅಂತಾರ ಈ ಪುಣೆ ಮಂದಿ," ಎಂದು ಬಸ್ಸಿನಲ್ಲಿ ದಿನವೂ ಗೊಣಗುತ್ತಿದ್ದ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬಂದು ಏಳೆಂಟು ವರ್ಷವಾಗಿದ್ದರೂ ಅವನಿಗೂ ಈ ಊರಿನ ಹವೆಗೂ ಹೊಂದಿಕೆಯಾಗಿರಲಿಲ್ಲ. ಛತ್ರಿ ಒಯ್ದ ದಿನ ಮಳೆ ಬರುತ್ತಿರಲಿಲ್ಲ. ಹೊಸ ಚಪ್ಪಲಿ ಮೆಟ್ಟಿದ ದಿನ ತಪ್ಪುತ್ತಿರಲಿಲ್ಲ. ಇದನ್ನೆಲ್ಲ ಅವನು ತಡೆದುಕೊಂಡದ್ದು ಒಂದು ಸಣ್ಣ ಸುಖದ ಬಲದ ಮೇಲೆ. ಮೊದಲ ಪಾಳಿ ಮುಗಿಸಿ ಮನೆಗೆ ಬಂದು ಕೈಕಾಲು ತೊಳೆದು, ಕಿಟಕಿಯ ಪಕ್ಕದ ಮಂಚದ ಮೇಲೆ ಒಂದು ತಾಸು ನಿದ್ದೆ. ಎದ್ದ ಮೇಲೆ ಶುಂಠಿ ಹಾಕಿದ ಚಹಾ.

೧೯೯೮ರ ಆ ಚಳಿಗಾಲದಲ್ಲಿ ಈ ಸುಖ ದೊಡ್ಡದಾಯಿತು. ಹೆಂಡತಿ ಭಾಗ್ಯಾ ಚೊಚ್ಚಲ ಬಾಣಂತನ ಮುಗಿಸಿ, ಐದು ತಿಂಗಳ ಪ್ರಣವನನ್ನು ಎತ್ತಿಕೊಂಡು ಇಂಡಿ ತಾಲೂಕಿನ ತವರಿನಿಂದ ಬಂದಳು. ಅಲ್ಲಿಯವರೆಗೆ ಖಾನಾವಳಿಯ ನೀರು ಬ್ಯಾಳಿ ಉಂಡು, ಬೀಗ ಹಾಕಿದ ಮನೆಯನ್ನು ತಾನೇ ತೆರೆದು ಒಳಗೆ ಬರುತ್ತಿದ್ದವನಿಗೆ ಈಗ ಬಾಗಿಲು ತೆರೆದೇ ಇರುತ್ತಿತ್ತು. ಮಂಚದ ಮೇಲೆ ಮಗು. ಮಗುವಿನ ಕೆಳಗೆ ಕೌದಿ; ಅತ್ತೆ ಅಂಬಾಬಾಯಿ ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿಟ್ಟು ಮೊಮ್ಮಗನಿಗಾಗಿ ಕೈಯಿಂದ ಹೊಲಿದು ಕಳಿಸಿದ್ದು. ಅದರ ಅಂಚಿನ ಮೇಲೆ ತಲೆಯಿಟ್ಟರೆ ಮಾರ್ತಾಂಡನಿಗೆ ನಿದ್ದೆ ಬರಲು ಕಣ್ಣು ಮುಚ್ಚುವಷ್ಟೂ ಹೊತ್ತು ಬೇಕಾಗುತ್ತಿರಲಿಲ್ಲ.

ಈ ವ್ಯವಸ್ಥೆ ಒಂದು ವಾರ ನಡೆಯಿತು. ಆಮೇಲೆ ಇರುವೆ ಬಂದವು.

ಸಣ್ಣ ಕೆಂಪಿರುವೆ. ಗೋಡೆಯ ಬಿರುಕಿನಿಂದ ಹೊರಟು, ಹಲಗೆಯ ಮೇಲಿದ್ದ ಮೆಂತ್ಯದ ಡಬ್ಬಿಯನ್ನು ಸುತ್ತಿಕೊಂಡು, ನೆಲಕ್ಕಿಳಿದು ನೇರ ಮಂಚಕ್ಕೆ. ಮೊದಲ ದಿನವೇ ಮಾರ್ತಾಂಡನ ಕುತ್ತಿಗೆ ಕಡಿದವು. ಭಾಗ್ಯಾ ಬಂದು ವಾರ ಕಳೆಯುತ್ತಲೇ ಇರುವೆಯೂ ಬಂದವು ಎಂಬುದು ಅವನ ಗಮನಕ್ಕೆ ಬಂತು. ಅದನ್ನು ಬಾಯಿಬಿಟ್ಟು ಹೇಳದಷ್ಟು ಬುದ್ಧಿ ಅವನಿಗಿತ್ತು.

ಮನೆಯಿದ್ದದ್ದು ಗುಲ್ಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನ ಹಿಂದೆ. ಬೆಲ್ಲದ ಗೋದಾಮುಗಳು ಹತ್ತಿರ. ಅಲ್ಲಿಂದಲೇ ಬಂದಿರಬೇಕೆಂದು ಮೊದಲು ತೀರ್ಮಾನಿಸಿದ. ಕೆಳಗಿನ ಮನೆಯಲ್ಲಿದ್ದ ಮಾಲಕಿ ಅಜ್ಜಿಗೆ ಬಿರುಕು ಮುಚ್ಚಿಸಿಕೊಡಿ ಎಂದು ಕೇಳಿದ. ಅಜ್ಜಿ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಮರಾಠಿಯಲ್ಲಿ ಹೇಳಿದರು: "ಇರುವೆ ಈ ಮನೆಯವು. ನೀವು ಬಾಡಿಗೆಯವರು."

ಅವನು ತಾನೇ ಕೈಹಾಕಿದ. ಅರಿಸಿನ ಚೆಲ್ಲಿದ, ಇರುವೆ ಪಕ್ಕದಿಂದ ಹಾದುಹೋದವು. ಮಂಚದ ನಾಲ್ಕೂ ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲಿಟ್ಟ. ಮರುದಿನವೂ ಇರುವೆ ಮೇಲೆಯೇ ಇದ್ದವು.

"ನೀರಾಗ ಈಸಿ ಬಂದಿರಬೇಕು," ಎಂದಳು ಭಾಗ್ಯಾ.

"ಇರಿವಿ ಈಸೂದಿಲ್ಲ."

"ಹಂಗಂತ ಇರಿವಿಗೆ ಯಾರರೆ ಹೇಳ್ಯಾರೇನ್ರಿ?"

ಅವನು ಮಂಚದ ಸುತ್ತ ಮಂಡಿಯೂರಿ ಹುಡುಕಿದ. ಸೊಳ್ಳೆ ಪರದೆಯ ದಾರ ಗೋಡೆಯ ಮೊಳೆಗೆ ಕಟ್ಟಿತ್ತು. ಇರುವೆ ಆ ದಾರದ ಮೇಲೆ ಸಾಲಾಗಿ ಇಳಿಯುತ್ತಿದ್ದವು. ದಾರಕ್ಕೆ ಸೀಮೆಎಣ್ಣೆ ಸವರಿದ. ಆ ವಾಸನೆಗೆ ಮಗು ಸೀನತೊಡಗಿತು, ಪರದೆಯನ್ನೇ ಬಿಚ್ಚಬೇಕಾಯಿತು. ಅಷ್ಟರಲ್ಲಿ ಬಟ್ಟಲುಗಳ ನಿಂತ ನೀರಿನಲ್ಲಿ ಸೊಳ್ಳೆಯ ಮರಿಗಳು ತಲೆಕೆಳಗಾಗಿ ಆಡುತ್ತಿದ್ದವು. ಪರದೆ ತೆಗೆದ ವಾರವೇ ಸೊಳ್ಳೆಗೆ ಮನೆಯೊಳಗೆ ತೊಟ್ಟಿಲು ಕಟ್ಟಿಕೊಟ್ಟಂತಾಗಿತ್ತು.

ಒಂದು ಭಾನುವಾರ ಮಾತ್ರ ಗೆದ್ದ. ನೆಲ, ಗೋಡೆ, ಬಿರುಕು ಎಲ್ಲವನ್ನೂ ಫಿನೈಲಿನಿಂದ ತೊಳೆದ. ಅವತ್ತು ಭಾಗ್ಯಾ ಹಾಸಿಗೆ, ಕೌದಿ ಎಲ್ಲ ತಾರಸಿಯ ಮೇಲೆ ಬಿಸಿಲಿಗೆ ಹಾಕಿದ್ದಳು. ಸಂಜೆಯವರೆಗೆ ಮಂಚದ ಹತ್ತಿರ ಒಂದು ಇರುವೆಯೂ ಸುಳಿಯಲಿಲ್ಲ. ಫಿನೈಲೇ ಮದ್ದು ಎಂದು ಇನ್ನೂ ಎರಡು ಬಾಟಲಿ ತಂದ. ಸೋಮವಾರ ಕೌದಿ ಮಂಚಕ್ಕೆ ಬಂತು, ಇರುವೆಯೂ ಬಂದವು. ಒಂದೇ ಸಲಕ್ಕೆ ಎರಡು ಬದಲಾವಣೆ ಮಾಡಬಾರದು, ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಅಳತೆ ಕೋಣೆಯಲ್ಲಿ ಹೀಗೆ ಮಾಡಿದವರನ್ನು ಅವನೇ ಬೈಯುತ್ತಿದ್ದ. ಮನೆಯಲ್ಲಿ ನಿದ್ದೆಗೆಟ್ಟವನಿಗೆ ಅದು ಹೊಳೆಯಲಿಲ್ಲ.

ಆ ಗುರುವಾರ ಅವನು ಮನೆಗೆ ಬಂದಾಗ ಪ್ರಣವನ ಒಂದು ಕಿವಿ ಕೆಂಪಗೆ ಊದಿಕೊಂಡಿತ್ತು. ಭಾಗ್ಯಾ ಅತ್ತು ಮುಗಿಸಿದ್ದಳು.

"ಅವ್ವಗ ಫೋನ್ ಮಾಡಿ ಬಂದೆ. ರವಿವಾರ ಬರ್ತಾಳ. ಹೋಳಿ ಹುಣ್ಣಿವಿತನಕ ಊರಾಗೇ ಇರ್ತೀನ್ರಿ ನಾನು."

"ಅಂದ್ರ ಇನ್ನೂ ಮೂರು ತಿಂಗಳ?"

"ಕೂಸಿನ ಕಿವಿ ನೋಡ್ರಿ, ಆಮ್ಯಾಗ ತಿಂಗಳ ಎಣಸ್ರಿ."

ಅವನು ಕಿವಿ ನೋಡಿದ, ಆಮೇಲೆ ತಿಂಗಳನ್ನೂ ಎಣಿಸಿದ. ಇನ್ನು ಮೂರು ತಿಂಗಳಲ್ಲಿ ಮಗು ಕೂಡ್ರಲು ಕಲಿಯುತ್ತದೆ, ತೆವಳಲು ಕಲಿಯುತ್ತದೆ. ಎಲ್ಲವನ್ನೂ ಫೋನಿನಲ್ಲಿ ಕೇಳಬೇಕು. ಮತ್ತೆ ಬೀಗ, ಮತ್ತೆ ಖಾನಾವಳಿಯ ಬ್ಯಾಳಿ. ಅವಳು ಹೊರಡುವ ಮೊದಲು ಇರುವೆ ಹೋಗಬೇಕು.

ಶನಿವಾರ ರಜೆ ಹಾಕಿದ. ಈ ಸಲ ಫಿನೈಲು ಮುಟ್ಟಲಿಲ್ಲ. ಮೊದಲು ದಿಂಬು ತೆಗೆದು ದೂರ ಇಟ್ಟು ಕಾದ; ಇರುವೆ ಮಂಚಕ್ಕೇ ಬಂದವು. ದಿಂಬು ಮರಳಿಸಿ ಗಾದಿ ತೆಗೆದ, ಆಗಲೂ ಮಂಚಕ್ಕೇ. ಗಾದಿ ಮರಳಿಸಿ, ಕೌದಿಯನ್ನು ಮಡಚಿ ಬಾಗಿಲ ಪಕ್ಕದ ಕುರ್ಚಿಯ ಮೇಲಿಟ್ಟ. ಚಹಾದ ಹೊತ್ತಿಗೆ ಸಾಲು ಮಂಚವನ್ನು ಬಿಟ್ಟು ಕುರ್ಚಿಯ ಕಾಲು ಹತ್ತುತ್ತಿತ್ತು. ಕೌದಿಯ ಒಂದು ಮೂಲೆಯ ಹೊಲಿಗೆಯ ಸಂದಿನಲ್ಲಿ ಒಳಗೆ ಹೋಗುವವು ಹೋಗುತ್ತಿದ್ದವು, ಹೊರಗೆ ಬರುವವು ಬರುತ್ತಿದ್ದವು.

"ಭಾಗ್ಯಾ, ಈ ಮೂಲ್ಯಾಗ ಏನೋ ಗಟ್ಟಿ ಹತ್ತತದ."

"ಅದು ಕೌದಿ ಹೊಟ್ಟಿರಿ."

"ಕೌದಿಗೆ ಹೊಟ್ಟಿ?"

"ಹೊಲಿದು ಮುಗಸೂಮುಂದ ಕಡೀ ಮೂಲ್ಯಾಗ ಒಂದ ತುಣಕ ರೊಟ್ಟಿ ಇಟ್ಟು ಮುಚ್ತಾರ. ಕೌದಿ ಹಸದಿದ್ರ ಅದರಾಗ ಮಲಗಿದವರೂ ಹಸೀತಾರಂತ. ನಮ್ಮ ಮನ್ಯಾಗ ಎಲ್ಲಾ ಕೌದಿಗೂ ಇರ್ತದ. ಒಣಾ ರೊಟ್ಟಿ, ಅದಕ್ಕೆಲ್ಲಿ ಇರಿವಿ ಬರ್ತಾವ?" ಎನ್ನುತ್ತ ಇರುವೆಗಳನ್ನು ಝಾಡಿಸಿ, ಮೂಲೆಯನ್ನು ಮೂಗಿನ ಹತ್ತಿರ ತಂದಳು. ಇನ್ನೊಮ್ಮೆ ಮೂಸಿದಳು.

"ಏಲಕ್ಕಿ," ಎಂದಳು. "ಅವ್ವ ಹೋಳಿಗಿ ಇಟ್ಟಾಳ. ಮೊದಲ ಮೊಮ್ಮಗ ಅಂತ."

ಮಾರ್ತಾಂಡ ಕತ್ತರಿ ತಂದ.

"ಕತ್ರಿ ಕೆಳಗಿಡ್ರಿ. ಆಕಿ ಇಲ್ಲದಾಗ ಆಕಿ ಕೌದಿ ಹೊಟ್ಟಿ ಸೀಳತೀರೇನು?"

"ನಾಳೆ ಬಂದು ನಿಮ್ಮಿಬ್ಬರನ್ನ ಕರಕೊಂಡು ಹೋಗ್ತಾರ. ಮತ್ತೇನು ಮಾಡ್ಲಿ?"

"ಬಂದಾಗ ಹೇಳ್ರಿ."

"ಯಾರು?"

"ನೀವೇ. ಬಿ.ಎಸ್ಸಿ. ಯಾರ ಓದ್ಯಾರ?"

ಭಾನುವಾರ ಮಧ್ಯಾಹ್ನ ಅಂಬಾಬಾಯಿ ಒಂದು ಗಂಟು, ಒಂದು ಕೈಚೀಲದೊಂದಿಗೆ ಮೆಟ್ಟಿಲೇರಿ ಬಂದಳು. "ಏನ್ರಿ ಅಳಿಯಂದ್ರ, ನಿಮ್ಮ ಕಡೆ ಬಸ್ಸಿಗೂ ಥಂಡಿ ಹತ್ತತದೇನು? ಇಂದಾಪುರದಾಗ ಕುಂತದ್ದು ಏಳಾಕ ಒಲ್ಲೆ ಅಂತು," ಎಂದು ನೀರು ಕುಡಿದು, ಮೊಮ್ಮಗನ ಕಿವಿ ತಿರುಗಿಸಿ ನೋಡಿದಳು. ನಗು ನಿಂತಿತು. "ಬಟ್ಟಿ ಕಟ್ಟು ಭಾಗ್ಯಾ. ಸಂಜೀಕ ಹೊರಡೂಣು."

ಮಾರ್ತಾಂಡ ನಿನ್ನೆಯಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತನ್ನು ಆಡಲು ಮುಂದೆ ಬಂದ. ಕುರ್ಚಿಯ ಮೇಲಿನ ಕೌದಿಯನ್ನೂ ಸಾಲನ್ನೂ ತೋರಿಸಿದ.

"ಅತ್ತೀ, ಇರಿವಿ ಮನಿಗೆ ಬಂದದ್ದಲ್ಲರಿ. ಕೌದಿಗೆ ಬಂದಾವ."

"ಕೌದಿ ನಾ ಹೊಲದದ್ದು."

"ಹೌದ್ರಿ."

"ಅಂದ್ರ ಇರಿವಿ ನಾ ಕಳಿಸೀನಿ."

ಅಡಿಗೆಮನೆಯಲ್ಲಿ ಭಾಗ್ಯಾ ಇಲ್ಲದ ಕೆಲಸಕ್ಕೆ ಪಾತ್ರೆ ಸರಿಸಿದಳು. ಅಂಬಾಬಾಯಿ ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ನೆಲಕ್ಕೆ ಕುಳಿತು, ಚೀಲದಿಂದ ಸೂಜಿ ತೆಗೆದು, ತಾನು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು.

ಒಳಗೆ ಹೆಚ್ಚೇನೂ ಉಳಿದಿರಲಿಲ್ಲ. ಬೆರಳಿನ ಉಗುರಿನಷ್ಟು ಒಣಗಿದ ಹೋಳಿಗೆಯ ಚೂರು, ಒಂದಿಷ್ಟು ಪುಡಿ. ಮಾರ್ತಾಂಡ ಬಗ್ಗಿ ನೋಡಿದ. ಇನ್ನೆರಡು ದಿನ ಸುಮ್ಮನಿದ್ದರೆ ಇರುವೆ ಅದನ್ನೂ ಮುಗಿಸಿ ತಾವಾಗಿಯೇ ಹೋಗುತ್ತಿದ್ದವು. ಅರಿಸಿನ ಬೇಕಿರಲಿಲ್ಲ, ಬಟ್ಟಲು ಬೇಕಿರಲಿಲ್ಲ, ಫಿನೈಲಂತೂ ಬೇಕೇ ಇರಲಿಲ್ಲ. ಅವನು ಮಂಚದ ಅಂಚಿಗೆ ಕುಳಿತುಬಿಟ್ಟ.

"ಪೂರಾ ತಿಂದಾವ," ಎಂದಳು ಅಂಬಾಬಾಯಿ. "ಕೌದಿ ಹಸದದ. ಹಸದ ಕೌದ್ಯಾಗ ಕೂಸು ಸುತಗೊಂಡು ನಾ ಬಸ್ ಹತ್ತಂಗಿಲ್ಲ. ಭಾಗ್ಯಾ, ಕಡ್ಲಿಬ್ಯಾಳಿ ಅದ ಏನ ಮನ್ಯಾಗ?"

ಮಾರ್ತಾಂಡ ಎದ್ದು ನಿಂತ. "ಹೋಳಿಗಿ ಬ್ಯಾಡ್ರಿ ಅತ್ತೀ."

"ಮತ್ತ? ಖಾಲಿ ಬಿಡೂದಾ?"

"ರೊಟ್ಟಿ ಇಡ್ರಲ್ಲ, ಎಲ್ಲಾರಂಗ."

"ಹೋಳಿಗಿ ಉಂಡ ಬಾಯಿಗೆ ರೊಟ್ಟಿ ತುರಕೂದಾ?"

ರೊಟ್ಟಿ ಅವನಿಗೂ ಸರಿಯೆನಿಸಲಿಲ್ಲ. ಮಳೆಗಾಲ ಬಂದರೆ ನುಸಿ ಹಿಡಿಯುತ್ತದೆ. ಉಪ್ಪು ಎನ್ನಲು ಹೊರಟವನು, ಜುಲೈನಲ್ಲಿ ಅದು ನೀರೊಡೆದು ಮೂಲೆಯೆಲ್ಲ ಒದ್ದೆಯಾದೀತೆಂದು ತಾನೇ ಬಿಟ್ಟ. ಅವನ ಕಣ್ಣು ಗೋಡೆಯ ಹಲಗೆಗೆ ಹೋಯಿತು. ಇಷ್ಟು ದಿನವೂ ಇರುವೆ ಸಾಲು ಮೆಂತ್ಯದ ಡಬ್ಬಿಯನ್ನು ಮುಟ್ಟದೆ ಸುತ್ತಿಕೊಂಡೇ ಹೋಗಿತ್ತು. ಡಬ್ಬಿಯ ಮುಚ್ಚಳ ಕಳೆದು ತಿಂಗಳಾಗಿತ್ತು. ಒಂದು ಇರುವೆಯೂ ಒಳಗೆ ಇಣುಕಿರಲಿಲ್ಲ. ಮೆಂತ್ಯವೆಂದರೆ ಅವನಿಗೂ ಆಗದು. ಭಾಗ್ಯಾ ಮೆಂತ್ಯದ ಉಂಡಿ ತಿನ್ನುವಾಗ ಎದ್ದು ಕಿಟಕಿಯ ಹತ್ತಿರ ಹೋಗುತ್ತಿದ್ದ.

"ಮೆಂತ್ಯಕಾಳು ಇಡ್ರಿ," ಎಂದ. "ಬಾಣಂತಿ ಉಣ್ಣೂದು ಅದೇ ಅಲ್ಲೇನ್ರಿ? ಇರಿವಿ ಮುಟ್ಟೂದಿಲ್ಲ."

ಅಂಬಾಬಾಯಿ ಯೋಚಿಸಿದಳು. "ಮೆಂತ್ಯ ತಿಂದು ಹಾಲು ಬಂತು, ಹಾಲು ಕುಡದು ಕೂಸು ಬೆಳೀತು. ಆಗ್ಲಿ. ಆದ್ರ ನಿಮಗ ಮೆಂತ್ಯ ಸೇರೂದಿಲ್ಲ ಅಂತಿದ್ಲು ಭಾಗ್ಯಾ?"

"ನನಗ ಸೇರೂದಿಲ್ಲರಿ. ಕೌದಿಗೆ ಸೇರ್ತದ."

ಅವಳು ಒಂದು ಚಿಟಿಕೆ ಕಾಳಿಟ್ಟು ಮೂಲೆ ಮುಚ್ಚಿದಳು. ಕೌದಿ ಮಂಚಕ್ಕೆ ಹೋಯಿತು, ಮಗು ಕೌದಿಯ ಮೇಲೆ ಹೋಯಿತು. ಮೂವರೂ ಕುಳಿತು ನೋಡಿದರು. ಇರುವೆ ಸಾಲು ಕುರ್ಚಿಯ ಸುತ್ತ ತಡಕಾಡಿ, ಚದುರಿ, ಒಂದೊಂದಾಗಿ ಬಿರುಕಿನ ಕಡೆಗೆ ತಿರುಗಿತು.

"ಇರಿವಿ ಹೋದ್ವು ಅವ್ವಾ. ನಾ ಇಲ್ಲೇ ಇರ್ತೀನಿ," ಎಂದಳು ಭಾಗ್ಯಾ.

"ಒಂದ ದಿವಸ ನೋಡಿ ಹೋದ್ವು ಅನ್ನಾಕ ಬರ್ತದೇನ?" ಅಂಬಾಬಾಯಿ ಅಳಿಯನ ಕಡೆ ತಿರುಗಿದಳು. "ನೀವು ಸೈನ್ಸ್ ಓದಿದವರು. ಹೇಳ್ರಿ, ಒಂದ ದಿವಸ ಸಾಕ?"

ಸಾಕು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಭಾಗ್ಯಾ ಅಮ್ಮನ ಬೆನ್ನ ಹಿಂದಿನಿಂದ ಕಣ್ಣಲ್ಲೇ ಅದನ್ನೇ ಹೇಳುತ್ತಿದ್ದಳು. ಆದರೆ ಫಿನೈಲಿನ ಭಾನುವಾರ ಮಾರ್ತಾಂಡನಿಗೆ ನೆನಪಿತ್ತು.

"ಸಾಕಾಗೂದಿಲ್ಲರಿ," ಎಂದ.

"ಹಂಗಾರ ನಾನೂ ಇರ್ತೀನಿ. ನೋಡೂಣು," ಎಂದು ಅವಳು ಗಂಟು ಬಿಚ್ಚಿದಳು.

ಅವಳು ಸಂಕ್ರಾಂತಿಯವರೆಗೆ ನೋಡಿದಳು. ಅಷ್ಟೂ ದಿನ ಮಂಚದ ಮೇಲೆ ಅಜ್ಜಿ, ಮೊಮ್ಮಗ, ಭಾಗ್ಯಾ. ಮಾರ್ತಾಂಡನಿಗೆ ಅಡಿಗೆಮನೆಯ ಫರಶಿಕಲ್ಲಿನ ನೆಲದ ಮೇಲೆ ಚಾಪೆ. ಫರಶಿ ಬೆನ್ನಿಗೆ ಮಂಜುಗಡ್ಡೆಯಾಗಿತ್ತು. ಮಧ್ಯಾಹ್ನದ ನಿದ್ದೆಗೆ ಮಲಗಿದರೆ, ಮಂಚ ಬಿಟ್ಟ ಇರುವೆಗಳು ಸಕ್ಕರೆ ಡಬ್ಬಿಗೆ ಹೋಗುವ ಹೊಸ ದಾರಿಯನ್ನು ಅವನ ಪಾದದ ಮೇಲಿಂದಲೇ ಹಾಕಿಕೊಂಡಿದ್ದವು. ಬಸ್ಸಿನಲ್ಲಿ ಅವನ ಗೊಣಗಾಟಕ್ಕೆ ಹೊಸ ವಿಷಯ ಸಿಕ್ಕಿತ್ತು. ಆದರೆ ಅದನ್ನು ಮಧ್ಯದಲ್ಲೇ ನಿಲ್ಲಿಸಿ, ಮಗು ಮಗ್ಗಲು ಹೊರಳಿ ಬೋರಲು ಬಿದ್ದದ್ದನ್ನು ಹೇಳುತ್ತಿದ್ದ.

ಊರಿಗೆ ಹೊರಡುವ ದಿನ ಅಂಬಾಬಾಯಿ ಅಳಿಯನ ಕೈಯಲ್ಲಿ ಒಂದು ದೊಡ್ಡ ಕೌದಿ ಇಟ್ಟಳು. ಅವನ ಹಳೆಯ ಕಾರ್ಖಾನೆ ಅಂಗಿಗಳು, ಭಾಗ್ಯಾಳ ಸವೆದ ಸೀರೆಗಳು. ಅವನು ಶಿಫ್ಟಿಗೆ ಹೋದಾಗ ಕುಳಿತು ಹೊಲಿದದ್ದು.

"ನೆಲದ ಮ್ಯಾಲೆ ನಡುಗಿದ್ದು ಕಂಡೀನ್ರಿ."

ಮಾರ್ತಾಂಡ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಕೌದಿಯನ್ನು ಮಡಚುತ್ತ ಮೂಲೆಗಳನ್ನು ಮುಟ್ಟಿ ನೋಡಿದ. ಒಂದರಲ್ಲಿ ಏನೋ ಗಟ್ಟಿಯಿತ್ತು. ಮೂಗಿನ ಹತ್ತಿರ ತಂದ.

"ಅತ್ತೀ, ಇದರಾಗ ಏನದ?"

"ನಿಮಗ ಮೆಂತ್ಯ ಸೇರೂದಿಲ್ಲಲ್ಲ," ಎಂದಳು ಅಂಬಾಬಾಯಿ, ಚಪ್ಪಲಿ ಮೆಟ್ಟುತ್ತ.

ಅವನು ಗಂಟು ಹೊತ್ತು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗಿ, ಅವಳನ್ನು ಸೋಲಾಪುರದ ಬಸ್ಸಿಗೆ ಹತ್ತಿಸಿ ಬಂದ. ಕೌದಿ ಮಂಚದ ಮೇಲಿತ್ತು. ಭಾಗ್ಯಾ ಸೂಜಿ ಹಿಡಿದು ನಿಂತಿದ್ದಳು.

"ಬಿಚ್ಚಲೇನ್ರಿ?"

"ಆಕಿ ಇಲ್ಲದಾಗ ಹ್ಯಾಂಗ ಬಿಚ್ಚೂದು?"

ಮಾರ್ತಾಂಡ ಅಟ್ಟದಿಂದ ನಾಲ್ಕು ಬಟ್ಟಲು ಇಳಿಸಿದ. ನೀರು ತುಂಬಿದ. ಸೊಳ್ಳೆ ಆಗದಂತೆ ಒಂದೊಂದಕ್ಕೂ ಒಂದು ಹನಿ ಸೀಮೆಎಣ್ಣೆ ಬಿಟ್ಟು ಮಂಚದ ಕಾಲುಗಳ ಕೆಳಗೆ ಸರಿಸಿದ. ಸೊಳ್ಳೆ ಪರದೆಯನ್ನು ಈ ಸಲ ಮಂಚಕ್ಕೇ ಕಟ್ಟಿ, ದಾರ ಗೋಡೆಗೆ ತಾಗಿಲ್ಲವೆಂದು ಎರಡು ಸಲ ನೋಡಿದ. ಆಮೇಲೆ ಮಗುವನ್ನು ಅದರ ಮೆಂತ್ಯದ ಕೌದಿಯ ಮೇಲೆ ಗೋಡೆಯಿಂದ ದೂರ ಮಲಗಿಸಿ, ತನ್ನ ಹೋಳಿಗೆಯ ಕೌದಿಯನ್ನು ಹೊದ್ದುಕೊಂಡು ಕಿಟಕಿಯ ಕಡೆಗೆ ತಿರುಗಿ ಮಲಗಿದ.